ಮುಗಿಯದ ರವಿವಾರದ ಧಾರಾವಾಹಿ

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಕೇಶ್ವಾಪುರದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಾಳಿಗೆಯ ಮೇಲೆ ದೊಡ್ಡ ಡಿಶ್, ಕೆಳಗೊಂದು ಕೋಣೆ, ಕೋಣೆಯಲ್ಲಿ ವಿಸಿಆರ್. ದೇಶವಿದೇಶದ ಚಾನೆಲ್ಲುಗಳ ಜೊತೆ ಅವರದೇ ಒಂದು ಸ್ಥಳೀಯ ಚಾನೆಲ್ಲೂ ಇತ್ತು. ಅದರಲ್ಲಿ ಊರವರ ಮದುವೆ ವಿಡಿಯೋ, ಸೀರೆ ಅಂಗಡಿಯ ಜಾಹೀರಾತು, ಕಳೆದುಹೋದ ಎಮ್ಮೆಯ ಸುದ್ದಿ ಬರುತ್ತಿದ್ದವು. ಜನ ಎಮ್ಮೆಯ ಸುದ್ದಿಯನ್ನೇ ಹೆಚ್ಚು ನೋಡುತ್ತಿದ್ದರು.

ಒಂದು ದಿನ ಕಾಕಾ ತಮ್ಮ ಚಾನೆಲ್ಲಿಗೂ ಒಂದು ಧಾರಾವಾಹಿ ಬೇಕು ಎಂದರು. ನಾನು ಆಗ ಬಿ.ಎ. ಮುಗಿಸಿ, ಕೆಲಸ ಹುಡುಕುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ಕಮರಿಪೇಟೆಯ ನಮ್ಮ ಮನೆಯಲ್ಲಿ ಕೂತಿದ್ದೆ. ಕಾಲೇಜಿನಲ್ಲಿ ನಾಟಕ ಬರೆದಿದ್ದೆನೆಂಬ ಕಾರಣಕ್ಕೆ ಬರೆಯುವ ಕೆಲಸ ನನಗೆ ಬಂತು. ಮದುವೆಗಳನ್ನು ಚಿತ್ರೀಕರಿಸುವ ಫೋಟೋಗ್ರಾಫರ್ ಒಬ್ಬರು ತಮ್ಮ ಕ್ಯಾಮೆರಾ ತರಲು ಒಪ್ಪಿದರು. ಆದರೆ ಮುಹೂರ್ತವಿಲ್ಲದ ದಿನ ಮಾತ್ರ.

ಕಾಕಾನ ಡಿಶ್ಶಿನ ಪುಣ್ಯದಿಂದ ನಾನೊಂದು ಇಂಗ್ಲಿಷ್ ಧಾರಾವಾಹಿ ನೋಡಿದ್ದೆ. ಅದರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಬೆಳಿಗ್ಗೆ ಎದ್ದಾಗಲೆಲ್ಲ ಮತ್ತೆ ಅದೇ ಮಂಗಳವಾರ. ಅದೇ ಕಳ್ಳ, ಅದೇ ಕಳುವು. ನಿನ್ನೆಯದು ನೆನಪಿರುವುದು ಅವನೊಬ್ಬನಿಗೇ. ಅಂಥದ್ದನ್ನೇ ನಮ್ಮಲ್ಲಿ ಮಾಡಬೇಕೆಂದು ನನಗೆ ಆಸೆಯಾಯಿತು. ಕಾಕಾಗೆ ಅರ್ಧ ತಾಸು ವಿವರಿಸಿದೆ. ಅವರು ಎಲ್ಲ ಕೇಳಿ, "ಹಂಗಂದ್ರ ದಿನಾ ಒಂದ ಸೀರಿ ಉಟಗೊಂಡ್ರ ನಡೀತೈತಿ?" ಎಂದರು.

"ನಡೀತೈತ್ರಿ."

"ಮನಿನೂ ಒಂದ?"

"ಒಂದ ರೀ."

"ಮಸ್ತ್ ಕತಿ ಐತಿ. ಮಾಡು."

ಕತೆಯನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ನನ್ನ ಅಕ್ಕ ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮೂವತ್ತರ ಹತ್ತಿರ ಬಂದಿದ್ದಳು. ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಲೇ ಇದ್ದರು. ರವಿವಾರವೇ ಬರುತ್ತಿದ್ದರು. ಅವ್ವ ಉಪ್ಪಿಟ್ಟು, ಶಿರಾ ಮಾಡುತ್ತಿದ್ದಳು. ಅಕ್ಕ ಹಳದಿ ಸೀರೆ ಉಟ್ಟು ತಟ್ಟೆ ತರುತ್ತಿದ್ದಳು. ಅವರು ಅಡಿಗೆ ಬರುತ್ತದೆಯೇ ಎಂದು ಕೇಳಿ, ಉಪ್ಪಿಟ್ಟು ಛಲೋ ಆಗಿದೆ ಎಂದು ಹೊಗಳಿ, "ತಿಳಸ್ತೀವ್ರಿ" ಎಂದು ಹೇಳಿ ಹೋಗುತ್ತಿದ್ದರು. ಒಬ್ಬರೂ ತಿಳಿಸಿರಲಿಲ್ಲ.

ನನ್ನ ಧಾರಾವಾಹಿಯ ಹುಡುಗಿ ಪ್ರತಿ ಬೆಳಿಗ್ಗೆ ಏಳುವುದು ಅಂಥದೇ ಒಂದು ರವಿವಾರಕ್ಕೆ. ಬರೆದುದನ್ನು ಅಕ್ಕನಿಗೆ ತೋರಿಸಲು ಹೆದರಿ ಎರಡು ದಿನ ಗಾದಿಯ ಕೆಳಗೆ ಇಟ್ಟಿದ್ದೆ. ಗಾದಿ ಝಾಡಿಸುವಾಗ ಅದು ಅವಳ ಕೈಗೇ ಸಿಕ್ಕಿತು. ನಿಂತಲ್ಲೇ ಓದಿ ಮುಗಿಸಿದಳು.

"ಇದನ್ನ ಯಾರ ಮಾಡ್ತಾರ?" ಎಂದಳು.

"ಹುಡಕಾಕತ್ತೇನಿ."

"ಹುಡಕಬ್ಯಾಡ. ನಾ ಮಾಡ್ತೇನಿ. ನನಗ ಪ್ರಾಕ್ಟೀಸ್ ಐತಿ."

ಅವ್ವ ಅತ್ತಳು. ಊರೆಲ್ಲ ನೋಡಿದರೆ ಮುಂದೆ ಯಾರು ಬರುತ್ತಾರೆ ಎಂದಳು. ಅಕ್ಕ, "ಬಂದವರು ಏನ ಮಾಡ್ಯಾರವ್ವಾ?" ಎಂದಳು. ಅವ್ವ ಅಳು ಮುಗಿಸಿ, ಹುಡುಗಿಯ ತಾಯಿಯ ಪಾತ್ರ ಯಾರದು ಎಂದು ಕೇಳಿದಳು. ಅದು ಅವಳದೇ ಆಯಿತು. ಗಂಡಿನ ತಾಯಿಯಾಗಿ ಮಗ್ಗಲ ಮನೆಯ ಹೆಂಗಸು ಬಂದರು; ಓಣಿಗೆಲ್ಲ ಅವರು ಕಾಕು. ಗಂಡಿನ ಪಾತ್ರಕ್ಕೆ ಟೈರ್ ಅಂಗಡಿಯಲ್ಲಿದ್ದ ನನ್ನ ಗೆಳೆಯ. ಅಪ್ಪ ನಟಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಆದರೆ ಪಡಸಾಲೆಯ ಮಂಚದಿಂದ ಏಳುವುದಕ್ಕೂ ಒಪ್ಪಲಿಲ್ಲ. ಪೇಪರು ಹಿಡಿದು ಕೂತೇ ಇದ್ದರು. ಹಾಗಾಗಿ ಎಲ್ಲ ಕಂತುಗಳಲ್ಲೂ ಅವರಿದ್ದಾರೆ. ಪ್ರಸಾರ ಶುರುವಾದ ಮೇಲೆ ಎಲ್ಲರಿಗಿಂತ ಸಹಜವಾಗಿ ನಟಿಸಿದವರು ಅವರೇ ಎಂದು ಓಣಿಯವರು ಹೊಗಳಿದರು. ಅಪ್ಪ ಅಲ್ಲಗಳೆಯಲಿಲ್ಲ.

ಮೊದಲ ಕಂತು ಚೆನ್ನಾಗಿ ಹೋಯಿತು. ಎರಡನೆಯ ಕಂತು ಶುರುವಾದ ಐದೇ ನಿಮಿಷಕ್ಕೆ ಕಾಕಾನ ಫೋನು ಹೊಡೆದುಕೊಳ್ಳತೊಡಗಿತು.

"ಹೋದ ವಾರದ್ದ ಹಚ್ಚೀರಲ್ರಿ!"

"ಇಲ್ರಿ, ಇದು ಹೊಸಾದ ಐತ್ರಿ."

"ಏನ್ ಹೊಸಾದ್ರಿ? ಅದ ಸೀರಿ, ಅದ ಉಪ್ಪಿಟ್ಟು, ಮುದುಕ ಅದ ಪೇಪರ್ ಓದಾಕತ್ತಾನ. ರೊಕ್ಕಾ ಕೊಡಾಂಗಿಲ್ಲ ನೋಡ್ರಿ ಈ ತಿಂಗಳ."

ಆ ದಿನವೇ ತಿರುಗಿ ತಿರುಗಿ ಬರುತ್ತದೆ, ಅದೇ ಕತೆ ಎಂದು ಕಾಕಾ ವಿವರಿಸಲು ಹೋಗಿ ಸೋತರು. ಮೂರನೆಯ ವಾರ ಪರದೆಯ ಕೆಳಗೆ ದಪ್ಪ ಅಕ್ಷರದಲ್ಲಿ "ಇದು ಹೊಸ ಕಂತು, ಫೋನ್ ಮಾಡಬಾರದು" ಎಂದು ಓಡಿಸಿದರು. ಅದಕ್ಕೂ ಫೋನು ಬಂತು. ಹೊಸ ಕಂತು ಯಾವಾಗ ಹಾಕುತ್ತೀರಿ ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಲಗ್ನದ ದಿನಗಳು ಬಂದು ಕ್ಯಾಮೆರಾ ಸಿಗದ ಒಂದು ವಾರ ಕಾಕಾ ಬೇರೆ ದಾರಿಯಿಲ್ಲದೆ ಹಿಂದಿನ ವಾರದ ಕಂತನ್ನೇ ಹಾಕಿಬಿಟ್ಟರು. ಆ ವಾರ ಯಾರೂ ಫೋನ್ ಮಾಡಲಿಲ್ಲ.

ನಿಧಾನಕ್ಕೆ ಜನರಿಗೆ ಕತೆಯ ಜಾಡು ಸಿಕ್ಕಿತು. ಅಕ್ಕ ಕಂತಿನಿಂದ ಕಂತಿಗೆ ಬೇರೆಯಾಗುತ್ತಿದ್ದಳು. ಒಂದರಲ್ಲಿ ಉಪ್ಪಿಟ್ಟಿಗೆ ಉಪ್ಪು ಹಾಕಲಿಲ್ಲ. ಅವರು ಛಲೋ ಆಗಿದೆ ಎಂದೇ ಹೊಗಳಿದರು. ಇನ್ನೊಂದರಲ್ಲಿ ಗಂಡಿನ ತಾಯಿ ಬಾಯಿ ತೆರೆಯುವ ಮೊದಲೇ ಅವರ ಪ್ರಶ್ನೆಗಳಿಗೆಲ್ಲ ಸಾಲಾಗಿ ಉತ್ತರ ಕೊಟ್ಟಳು. ಮತ್ತೊಂದರಲ್ಲಿ ಹೊರಗೆ ಬರಲೇ ಇಲ್ಲ. ಅವರು ಬಾಗಿಲಿಗೆ "ತಿಳಸ್ತೀವ್ರಿ" ಎಂದು ಹೇಳಿ ಹೋದರು. ಆ ಸಾಲುಗಳನ್ನು ನಾನು ಬರೆದಿದ್ದು ನಿಜ. ಆದರೆ ಅವಳ ಮುಖದಲ್ಲಿ ಬಂದದ್ದನ್ನು ನಾನು ಬರೆದಿರಲಿಲ್ಲ. ತರಕಾರಿ ಪೇಟೆಯಲ್ಲಿ ಹೆಂಗಸರು ಅವಳನ್ನು ನಿಲ್ಲಿಸಿ, "ಈ ವಾರಾದ್ರೂ ಹೂಂ ಅಂದ್ರೇನ ಬೇ?" ಎಂದು ಕೇಳುತ್ತಿದ್ದರು. ಅವಳು, "ಇನ್ನೂ ಇಲ್ರಿ" ಎಂದು ಬದನೆಕಾಯಿ ಆರಿಸುತ್ತಿದ್ದಳು.

ಕೊನೆಯ ಕಂತಿನ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಗಂಡು ಒಪ್ಪಿದ ಕೂಡಲೇ ಮರುದಿನ ಸೋಮವಾರ ಬರುತ್ತದೆ ಎಂದು ಬರೆದಿದ್ದೆ.

"ಅಂವಾ ಹೂಂ ಅಂದ್ರ ಅಷ್ಟ ನನಗ ಸೋಮವಾರ ಬರೂದೇನು?" ಎಂದಳು. "ಇದನ್ನ ನಾ ಮಾಡಾಂಗಿಲ್ಲ."

ನನಗೆ ಬೇರೆ ದಾರಿ ಹೊಳೆಯಲಿಲ್ಲ. ಧಾರಾವಾಹಿ ನಿಂತಿತು.

ಹೀಗೆ ನಿಂತಿದ್ದಾಗಲೇ ಒಂದು ಖರೇ ಸಂಬಂಧ ಬಂತು. ಹುಡುಗ ಉಪ್ಪಿನಬೆಟಗೇರಿಯವನು, ಅಲ್ಲೇ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ. ತಾಯಿಯನ್ನೂ ಸೋದರಮಾವನನ್ನೂ ಕರೆದುಕೊಂಡು ಬಂದ. ಕಾಕಾನ ವಾಯರು ಅಲ್ಲಿಯವರೆಗೆ ಹೋಗಿರಲಿಲ್ಲವಾದ್ದರಿಂದ ಅವರಿಗೆ ನಮ್ಮ ಧಾರಾವಾಹಿಯ ಸುದ್ದಿಯೇ ಇರಲಿಲ್ಲ. ಅವ್ವ ದೇವರಿಗೆ ಕೈಮುಗಿದು ಉಪ್ಪಿಟ್ಟು ಮಾಡಿದಳು. ಅಪ್ಪ ಮಂಚದ ಮೇಲೆ ಪೇಪರು ಹಿಡಿದಿದ್ದರು.

ಅಕ್ಕ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಮಗ್ಗಲ ಮನೆಯ ಕಾಕು ಒಳಗೆ ಬಂದರು. ರೂಢಿಯ ಮೇಲೆ ಸೀದಾ ಹೋಗಿ ಗಂಡಿನ ಕಡೆಯ ಕುರ್ಚಿಯಲ್ಲಿ ಕೂತರು. ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು: "ಹುಡಿಗಿಗೆ ಅಡಗಿ ಬರ್ತೈತೇನ್ರಿ?"

ಹುಡುಗನ ತಾಯಿ ಕಾಕುವನ್ನು ನೋಡಿದರು, ಆಮೇಲೆ ತಮ್ಮ ತಮ್ಮನನ್ನು ನೋಡಿದರು. "ಇವರು ಯಾರ ಕಡೀಯವರೋ?" ಎಂದರು ಮೆಲ್ಲಗೆ. ಕಾಕುಗೆ ಆಗ ಎಚ್ಚರವಾಯಿತು. ಎದ್ದು ನಿಂತರು, ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಕೂತರು. ಅಕ್ಕ ತಟ್ಟೆಯನ್ನು ನೆಲದ ಮೇಲಿಟ್ಟು ನಗತೊಡಗಿದಳು. ಗಂಡಿನವರ ಎದುರು ಅವಳು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವ್ವ ಕಣ್ಣು ಮುಚ್ಚಿದಳು.

"ಏನಾತ್ರಿ?" ಎಂದ ಹುಡುಗ.

ಅಕ್ಕ ಅಲ್ಲೇ ಕೂತು ಎಲ್ಲ ಹೇಳಿದಳು. ಹಳದಿ ಸೀರೆ, ಉಪ್ಪಿಲ್ಲದ ಉಪ್ಪಿಟ್ಟು, ಫೋನುಗಳು, ಮುಗಿಯದ ರವಿವಾರ, ಯಾವುದನ್ನೂ ಬಿಡಲಿಲ್ಲ. ಸೋದರಮಾವನ ಚಹಾ ಆರಿತು. ಹುಡುಗ ಮಾತ್ರ ತಟ್ಟೆ ಮುಟ್ಟದೆ ಕೇಳುತ್ತಿದ್ದ. ಕೊನೆಗೆ ಕೇಳಿದ: "ಉಳದವರಿಗೆಲ್ಲಾ ಮರತಿರ್ತೈತಿ, ಆ ಹುಡಿಗಿ ಒಬ್ಬಾಕಿಗೇ ನೆನಪಿರ್ತೈತೇನ್ರಿ?"

"ಹೌದ್ರಿ."

"ಹಂಗಾರ ಪಾಪ, ಅಕಿಗೆ ಮಾತಾಡಾಕ ಯಾರೂ ಇಲ್ಲ."

ಅಕ್ಕ ಅವನ ಕಡೆ ತಿರುಗಿ ಕೂತಳು. ಅಷ್ಟು ಕಂತು ಬರೆದ ನನಗೂ ಅದು ಹೊಳೆದೇ ಇರಲಿಲ್ಲ. ಅಪ್ಪ ಪೇಪರು ಮಡಚಿ ಮಂಚದಿಂದ ಇಳಿದು ಬಂದರು. "ಉಪ್ಪಿಟ್ಟ ತಗೋರಿ, ಆರತೈತಿ" ಎಂದು ತಾವೇ ತಟ್ಟೆ ಎತ್ತಿ ಅವನ ಕೈಗೆ ಕೊಟ್ಟರು.

ಆ ಸಂಜೆ ಅವರ ಕಡೆಯಿಂದ ಸುದ್ದಿ ಬರುವುದಕ್ಕೆ ಮೊದಲೇ, ಕೇಳದಿದ್ದರೂ, ಅಕ್ಕ ಅವ್ವನಿಗೆ ಹೇಳಿದಳು: "ನನಗ ಒಪ್ಪಿಗಿ ಐತಿ." ಮರುದಿನ ಅವರದೂ ಬಂತು.

ಮದುವೆಗೆ ಮೊದಲು ಕೊನೆಯ ಕಂತು ತೆಗೆದೆವು. ಅದರಲ್ಲಿ ಎಲ್ಲರೂ ಹೊರಟ ಮೇಲೆ ಗಂಡು ಹೊಸ್ತಿಲಲ್ಲಿ ನಿಂತು ಹಿಂತಿರುಗಿ, "ನಿನ್ನೆನೂ ನೀವು ಇದ ಸೀರಿ ಉಟ್ಟಿದ್ರಿ ಅಲ್ಲೇನ್ರಿ?" ಎನ್ನುತ್ತಾನೆ. ಅಷ್ಟೇ. ಟೈರ್ ಅಂಗಡಿಯ ಗೆಳೆಯ ಅದನ್ನು ಬಹಳ ಚೆನ್ನಾಗಿ ಹೇಳಿದ. ಪ್ರಸಾರವಾದ ದಿನ ಕಾಕು ತಮ್ಮ ಮನೆಯ ಟಿವಿ ಬಿಟ್ಟು ನಮ್ಮ ಮನೆಗೆ ಬಂದು ಕೂತು ನೋಡಿದರು, ಮೂಗು ಒರೆಸಿಕೊಂಡರು, ತಮಗೆ ನೆಗಡಿ ಎಂದರು.

ಎರಡು ಸಾವಿರದ ನಂತರ ದೊಡ್ಡ ಕಂಪನಿಯವರು ಬಂದರು. ಕಾಕಾ ತಮ್ಮ ವಾಯರುಗಳನ್ನು ಅವರಿಗೆ ಮಾರಿ ಇಸ್ತ್ರಿ ಅಂಗಡಿ ಇಟ್ಟರು. ಫೋಟೋಗ್ರಾಫರ್ ನಮ್ಮ ಕ್ಯಾಸೆಟ್ಟುಗಳ ಮೇಲೆಯೇ ಯಾರದೋ ಮದುವೆಗಳನ್ನು ತುಂಬಿಸಿಬಿಟ್ಟಿದ್ದರು, ಒಂದೂ ಉಳಿಯಲಿಲ್ಲ. ಭಾವ ಆ ಧಾರಾವಾಹಿಯನ್ನು ಒಮ್ಮೆಯೂ ನೋಡಲಿಲ್ಲ. ಅಕ್ಕನ ಬಾಯಿಂದ ಕೇಳಿದ್ದಷ್ಟೇ.

ಕೆಲವು ವರ್ಷಗಳ ಮೇಲೆ ಅವರ ಮನೆಗೂ ಕೇಬಲ್ ಬಂತು. ನಾನು ಆಗ ಧಾರವಾಡದಲ್ಲಿ ಪತ್ರಿಕೆಯೊಂದರ ಕೆಲಸದಲ್ಲಿದ್ದೆ, ರಜೆಗೆ ಹೋಗಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡ ಚಾನೆಲ್ಲೊಂದರ ಧಾರಾವಾಹಿ ನಡೆಯುತ್ತಿತ್ತು. ಮದುಮಗಳು ಮಂಟಪದಲ್ಲಿ ನಿಂತಿದ್ದಳು. ಯಾರೋ "ನಿಲ್ಲಿಸಿ" ಎಂದು ಕೂಗಿದ್ದರು. ಎಲ್ಲರ ಮುಖವನ್ನೂ ಮೂರು ಮೂರು ಸಲ ತೋರಿಸಿದರು. ನಾನು ಮೂರು ದಿನ ಅಲ್ಲಿದ್ದೆ. ಮೂರು ದಿನವೂ ಅವಳು ಮಂಟಪದಲ್ಲೇ ಇದ್ದಳು.

"ಇವರ ಪೈಕಿ ಒಬ್ಬರಿಗೂ ನಿನ್ನೀದು ನೆನಪಿಲ್ಲ ನೋಡು," ಎಂದಳು ಅಕ್ಕ, ಅಲ್ಲಿನ ಶಾಲೆಯ ಉತ್ತರಪತ್ರಿಕೆಗಳಿಂದ ತಲೆ ಎತ್ತದೆ.

ಭಾವ ಎದ್ದು ಟಿವಿ ಬಂದ್ ಮಾಡಿ, ಅಂಗಡಿ ತೆರೆಯಲು ಹೋದರು.