ಜಂಬೋದಲ್ಲಿ ಒಂದು ಹಳದಿ

ನಮ್ಮಕ್ಕ ದಪ್ಪ. ಇದರಲ್ಲಿ ಮುಚ್ಚುಮರೆ ಏನಿಲ್ಲ, ಅವಳೇ ಹೇಳ್ಕೊಂಡು ನಗ್ತಾಳೆ. ಆದರೆ ಕಮರ್ಷಿಯಲ್ ಸ್ಟ್ರೀಟಿನ ಆ ಅಂಗಡಿಯಲ್ಲಿ ಆಗಿದ್ದು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತೆ.

ಅಕ್ಕನ ಮಗಳ ಮದುವೆ. ಈಗಿನ ಮಕ್ಕಳ ಅರಿಶಿನ ಶಾಸ್ತ್ರಕ್ಕೆ ಮನೆ ಹೆಂಗಸರೆಲ್ಲ ಒಂದೇ ಥರದ ಹಳದಿ ಕುರ್ತಾ ಹಾಕ್ಬೇಕಂತೆ, ಫೋಟೋ ಚೆನ್ನಾಗಿ ಬರ್ಬೇಕಲ್ಲ! ಮದುವೆಯಾದ ಮೇಲೆ ಸೀರೆ ಬಿಟ್ಟು ಬೇರೇನೂ ಉಡದ ಅಕ್ಕ, ಮಗಳ ಆಸೆಗೆ ಹೂಂ ಅಂದು ಮರ್ಫಿ ಟೌನಿನಿಂದ ನನ್ನ ಜೊತೆ ಹೊರಟಳು.

ಆ ಅಂಗಡಿಯಲ್ಲಿ ಸರಕೆಲ್ಲ ಅಟ್ಟದ ಮೇಲೆ. ಕೆಳಗಿನವನು ಬಣ್ಣ, ಸೈಜು ಕೂಗ್ತಾನೆ, ಮೇಲಿನವನು ಕಿಂಡಿಯಿಂದ ಪ್ಯಾಕೆಟ್ ಎಸೀತಾನೆ. ಕೆಳಗಿನವನು ಅಕ್ಕನನ್ನ ಅಡಿಯಿಂದ ಮುಡಿವರೆಗೆ ಒಂದ್ಸಲ ನೋಡಿ, ತಲೆ ಎತ್ತಿದ.

"ಜಂಬೋದಲ್ಲಿ ಒಂದು ಹಳದಿ."

ಮೇಲಿನವನು ತಮಿಳಲ್ಲಿ ಏನು ಬೇಕು ಅಂತ ಕೇಳಿದ. ಇವನು ಇನ್ನೂ ಜೋರಾಗಿ ಜಂಬೋ, ಜಂಬೋ ಅಂತ ಕೂಗಿದ. ತುಂಬಿದ ಅಂಗಡಿ, ಎಲ್ಲರೂ ತಿರುಗಿ ನೋಡಿದರು. ಬೇಕಂತಲೇ ಆಡಿಕೊಂಡಿದ್ದರೆ ನಾನೂ ನಾಲ್ಕು ಬೈದು ಬರ್ತಿದ್ದೆ. ಅವನಿಗೆ ತಾನೇನಂದೆ ಅನ್ನೋದೇ ಗೊತ್ತಿರಲಿಲ್ಲ, ಅದಕ್ಕೇ ನನಗೆ ಜಾಸ್ತಿ ಸಿಟ್ಟು. ಅಕ್ಕ ಸೆರಗು ಹೊದ್ಕೊಂಡು ಹೊರಗೆ ಬಂದ್ಬಿಟ್ಟಳು. ಆಟೋ ಹತ್ತಿದವಳೇ, ಶಾಸ್ತ್ರದ ದಿನ ಅಡುಗೆಮನೇಲೇ ಇರ್ತೀನಿ, ಫೋಟೋಗೆ ಬರಲ್ಲ ಅಂದಳು.

ನಾನು ಕಮ್ಮನಹಳ್ಳಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡೋಳು. ಸಿಟ್ಟು ತಡೀಲಾರದೆ ಆಟೋದಲ್ಲೇ ಆ ಪದದ ಜಾತಕ ಬಿಚ್ಚಿದೆ. ಆಫ್ರಿಕದ ಯಾವುದೋ ಭಾಷೇಲಿ ಆನೆಗಿರೋ ಹೆಸರಿಂದ ಬಂತು ಅಂತಾರೆ ಕೆಲವರು. ಮೊದಲಿಂದಲೂ ದಡೂತಿ ಜನರನ್ನ ಆಡಿಕೊಳ್ಳೋ ಮಾತೇ ಅಂತಾರೆ ಇನ್ನು ಕೆಲವರು. ಆದರೆ ಅದನ್ನ ಮನೆಮಾತು ಮಾಡಿದ್ದು ಒಂದು ಆನೆ. ಆಫ್ರಿಕದಲ್ಲಿ ಮರಿಯಾಗಿದ್ದಾಗಲೇ ಹಿಡಿದು ಲಂಡನ್ನಿಗೆ ತಂದು, ಬೆನ್ನ ಮೇಲೆ ಮಕ್ಕಳನ್ನ ಕೂರಿಸಿ ಸುತ್ತಿಸಿದರು. ಆಮೇಲೆ ಅಮೆರಿಕದ ಸರ್ಕಸ್ಸಿಗೆ ಮಾರಿದರು. ರೈಲಿಗೆ ಸಿಕ್ಕಿ ಸತ್ತರೂ ಬಿಡಲಿಲ್ಲ, ಚರ್ಮ ತುಂಬಿಸಿ ಊರೂರಲ್ಲಿ ತೋರಿಸಿದರು. ಥೂ, ಅವರ ಬಾಯಿಗೆ ಮಣ್ಣು ಬೀಳ! ಆ ಬಡಪಾಯಿಯ ಹೆಸರನ್ನೇ ಈಗ ಚಿಪ್ಸ್ ಪ್ಯಾಕೆಟ್ಟಿಗೂ ವಿಮಾನಕ್ಕೂ ನಮ್ಮಕ್ಕನಿಗೂ ಅಂಟಿಸ್ತಾರೆ.

ಅಕ್ಕ ಕೇಳಿದ್ದು ಒಂದೇ.

"ಅದರ ತಾಯಿ ಸುಮ್ನಿತ್ತಾ?"

ತಾಯಿಯನ್ನ ಮೊದಲೇ ಕೊಂದಿದ್ದರಂತೆ ಅಂದೆ. ಹಲಸೂರು ಕೆರೆ ಹತ್ರ ಅವಳು ಹೊದ್ದಿದ್ದ ಸೆರಗನ್ನ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು.

ಅರಿಶಿನದ ದಿನ ಎಲ್ಲರೂ ಹಳದಿ ಕುರ್ತಾದಲ್ಲಿ. ಅಕ್ಕ ಮಾತ್ರ ತನ್ನ ಹಳೇ ಹಸಿರು ರೇಷ್ಮೆ ಸೀರೆ ಉಟ್ಕೊಂಡು ಅಡುಗೆಮನೆಯಿಂದ ಬಂದು, ಮಗಳ ಪಕ್ಕದಲ್ಲೇ ನಿಂತಳು. ಫೋಟೋದವನು ನಯವಾಗೇ ಹೇಳಿದ, ಆಂಟಿ, ಕಲರ್ ಮ್ಯಾಚ್ ಆಗ್ತಿಲ್ಲ, ಫ್ರೇಮಲ್ಲಿ ಜಾಗಾನೂ ಸಾಲ್ತಿಲ್ಲ, ಸ್ವಲ್ಪ ಹಿಂದೆ ಹೋಗ್ತೀರಾ ಅಂತ. ನಾನು ಬಾಯಿ ತೆಗೆಯೋ ಮೊದಲೇ ಅಕ್ಕ ತಣ್ಣಗೆ ಅಂದಳು.

"ನಾನು ಇವಳ ತಾಯಿ ಕಣಪ್ಪ. ಜಾಗ ಸಾಲ್ದಿದ್ರೆ ನೀನು ಹಿಂದೆ ಹೋಗು."

ಅವನು ಬೆನ್ನು ಬಾಗಿಲಿಗೆ ತಾಗೋವರೆಗೂ ಹಿಂದೆ ಹೋದ.