ಹನ್ನೆರಡು ಮಂದಿಯ ಪಗಾರ, ಒಬ್ಬಳ ಹೆಸರು

ಆದಾಯ ತೆರಿಗೆಯವರ ನೋಟಿಸು ಇಂಗ್ಲಿಷಿನಲ್ಲಿತ್ತು. ಮುಂಬಯಿ ಹತ್ತಿರದ ಕಳವಾ ಊರಿನ ನಮ್ಮ ಖೋಲಿಗಳ ಸಾಲಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಎಂದು ಅಕ್ಕ ನಂಬಿದ್ದಳು. ಮೂವತ್ತೆರಡನೇ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಹತ್ತನೇ ಇಯತ್ತೆ ಪಾಸಾದವನ ಇಂಗ್ಲಿಷ್ ಎಷ್ಟಿರುತ್ತದೋ ಅಷ್ಟೇ ನನ್ನದು. ಮೂರು ಸಲ ಓದಿದ ಮೇಲೆ ಅರ್ಥವಾಯಿತು.

“ಏನ್ ಬರದಾರ ತಮ್ಮಾ?”

“ಒಂದು ವರ್ಷದಾಗ ನಿನ್ನ ಹೆಸರಿಗೆ ಇಪ್ಪತ್ತು ಲಕ್ಷದ ಮ್ಯಾಲ ರೊಕ್ಕ ಬಂದೈತಂತ. ಲೆಕ್ಕ ಯಾಕ ಕೊಟ್ಟಿಲ್ಲ ಅಂತ ಕೇಳ್ಯಾರ.”

ಅಕ್ಕ ನಕ್ಕಳು. “ಇಪ್ಪತ್ತು ಲಕ್ಷ ಇದ್ರ ನಾ ಈ ತಗಡಿನ ಪತ್ರಾದ ಕೆಳಗ ಯಾಕ ಬೇಯ್ತಿದ್ದೆ?” ಎಂದಳು. ಆಮೇಲೆ ನಗು ನಿಂತಿತು. ಆ ರೊಕ್ಕ ಯಾವುದೆಂದು ಅವಳಿಗೆ ಹೊಳೆದಿತ್ತು.

ಅವಳು ನನ್ನ ಒಡಹುಟ್ಟಿದವಳಲ್ಲ, ಕಲಬುರಗಿ ಕಡೆಯವಳು. ನವಿ ಮುಂಬಯಿಯಲ್ಲಿ ಕಟ್ಟಡದ ಕೆಲಸ ಮಾಡುವ, ಅವಳೂ ಸೇರಿ ಹನ್ನೆರಡು ಮಂದಿಯ ಗ್ಯಾಂಗಿಗೆ ಮುಂದಾಳು. ಅದೇ ಸೈಟಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಗುತ್ತಿಗೆದಾರ ನಗದು ಕೊಡುವುದನ್ನು ನಿಲ್ಲಿಸಿ ಬ್ಯಾಂಕ್ ಖಾತೆ ಕೇಳಿದಾಗ, ಗ್ಯಾಂಗಿನಲ್ಲಿ ಪ್ಯಾನ್ ಕಾರ್ಡ್ ಇದ್ದದ್ದು ಅಕ್ಕನೊಬ್ಬಳ ಹತ್ತಿರ. “ಅಕ್ಕನ ಖಾತೆಗೆ ಹಾಕ್ರಿ, ನಾವೇನು ಬ್ಯಾರೆ ಬ್ಯಾರೆ ಏನ್ರಿ?” ಎಂದು ಎಲ್ಲರೂ ಹೇಳಿದರು. ಅಂದಿನಿಂದ ವಾರವಾರ ಅವಳು ಹಣ ತೆಗೆದು ತಂದು, ಎಲ್ಲರೆದುರಿಗೆ ಅವರವರ ಪಗಾರ ಅವರವರ ಕೈಗಿಡುತ್ತಿದ್ದಳು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಲಿಲ್ಲ, ಓದಿದವನು ಎನಿಸಿಕೊಂಡ ನನಗೂ ಅನಿಸಲಿಲ್ಲ. ನಮ್ಮ ಮಂದಿ ಅದನ್ನು ವಿಶ್ವಾಸ ಎನ್ನುತ್ತಿದ್ದರು. ಸರ್ಕಾರದ ಕಂಪ್ಯೂಟರ್ ಅದನ್ನು ಒಬ್ಬ ಹೆಂಗಸಿನ ಆದಾಯ ಎಂದು ಓದಿತು.

ಹಾಗೇ ಬಿಟ್ಟರೆ ಹನ್ನೆರಡು ಮಂದಿಯ ಪಗಾರಕ್ಕೆ ಅವಳೊಬ್ಬಳೇ ತೆರಿಗೆ ಕಟ್ಟಬೇಕು. ಮಗಳ ನರ್ಸಿಂಗ್ ಕೋರ್ಸಿಗೆಂದು ಕೂಡಿಟ್ಟದ್ದಷ್ಟೂ ಹೋಗುತ್ತಿತ್ತು, ಆದರೂ ಸಾಲುತ್ತಿರಲಿಲ್ಲ.

ಡೊಂಬಿವಲಿ ಪೂರ್ವದಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರು ಹೋಟೆಲಿನವರ ತೆರಿಗೆ ಕೆಲಸ ಮಾಡಿಕೊಡುತ್ತಾರೆ. ಅವರಲ್ಲಿಗೆ ಹೊರಟೆವು. ರೈಲುಗಾಡಿಯಲ್ಲಿ ಎದುರು ಸೀಟಿನ ಇಬ್ಬರು ಆಫೀಸಿನವರು ಮರಾಠಿಯಲ್ಲಿ ಜೋರಾಗಿ ಮಾತಾಡುತ್ತಿದ್ದರು. ಈ ದೇಶದಲ್ಲಿ ಟ್ಯಾಕ್ಸ್ ಕಟ್ಟುವವರು ಪಗಾರದಾರರು ಮಾತ್ರ, ಉಳಿದವರೆಲ್ಲ ಪುಕ್ಕಟೆ ಉಣ್ಣುವವರು ಎಂಬುದು ಅವರ ಮಾತು. ಅಕ್ಕನ ಚೀಲದಲ್ಲಿ ನೋಟಿಸು ಇತ್ತು.

“ಏನಂತಾರ ಅವ್ರು?” ಎಂದು ಕೇಳಿದಳು. ಹೇಳಿದೆ. ಅವಳಿಗೆ ಸಿಟ್ಟು ಬಂದೀತು ಎಂದುಕೊಂಡಿದ್ದೆ.

“ದುಡದು ಕೊಡ್ಲಿಕತ್ತಾರ, ಬಾಯಿ ಮಾಡ್ತಾರ. ಮಾಡ್ಲಿ ಬಿಡು. ಕೊಡಾವ್ರಿಗೆ ಅಷ್ಟೂ ಹಕ್ಕಿಲ್ಲೇನು?”

ಹಿರಿಯರು ನೋಟಿಸನ್ನು ಓದಿ ಕನ್ನಡಕ ಮೇಲಕ್ಕೇರಿಸಿದರು.

“ಹೆದರ್ಬೇಡಿ ಅಮ್ಮ. ತೆರಿಗೆ ಅಂದ್ರೆ ಮೆಟ್ಟಿಲು ಇದ್ದ ಹಾಗೆ. ಕೆಳಗೆ ಇದ್ದವರಿಗೆ ಎಂತದ್ದೂ ಇಲ್ಲ. ಮೇಲೆ ಹತ್ತಿದ ಹಾಗೆ ನೂರಕ್ಕೆ ಐದು, ಹತ್ತು, ಹೀಗೆ ಮೂವತ್ತರವರೆಗೆ ಉಂಟು. ನೀವು ಇರೂದು ಕೆಳಗೆ. ಈ ಕಾಗದ ನಿಮ್ಮನ್ನು ಎತ್ತಿಕೊಂಡು ಹೋಗಿ ಮೇಲೆ ಕೂರಿಸಿದೆ. ಆದದ್ದು ಇಷ್ಟೇ.”

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. “ಹಾಂಗಂದ್ರ ಇದು ನಮ್ಮ ಪಟ್ಟಿ ಇದ್ದಂಗ ಅದರೀ” ಎಂದಳು.

ಗ್ಯಾಂಗಿನಲ್ಲಿ ಯಾರಾದರೂ ಬಿದ್ದು ಪೆಟ್ಟಾದರೆ ಪಟ್ಟಿ ಹಾಕುವುದು, ಎಂದರೆ ಆಸ್ಪತ್ರೆ ಖರ್ಚಿಗೆ ಎಲ್ಲರಿಂದ ವಂತಿಗೆ ಎತ್ತುವುದು, ಅವಳ ರೂಢಿ. ಗಂಡಹೆಂಡತಿ ಇಬ್ಬರೂ ದುಡಿಯುವ ಮನೆಯವರು ಎರಡು ದಿನದ ಪಗಾರ ಕೊಡಬೇಕು. ಗೋಡೆ ಕಟ್ಟುವ ಗೌಂಡಿಯ ಪಗಾರ ಜಾಸ್ತಿ, ಅವನದೂ ಎರಡು ದಿನ. ಒಂಟಿ ಗಂಡಾಳಿನದು ಒಂದು ದಿನ. ಮಕ್ಕಳನ್ನು ಕಟ್ಟಿಕೊಂಡ ವಿಧವೆ ಕೊಡುವಂತಿಲ್ಲ, ಬೇಕಾದರೆ ಆಸ್ಪತ್ರೆಗೆ ಒಂದು ಹೊತ್ತಿನ ಬುತ್ತಿ ಒಯ್ಯಬಹುದು. ಇದನ್ನು ಅಕ್ಕನಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಹಿರಿಯರು ಕನ್ನಡಕವನ್ನೇ ತೆಗೆದಿಟ್ಟರು. “ಇದನ್ನೇ ನಾನು ನಲವತ್ತು ವರ್ಷದಿಂದ ಹೋಟೆಲ್ ಧಣಿಗಳಿಗೆ ಹೇಳ್ತಾ ಇದ್ದೇನೆ ಮಾರಾಯ್ರೆ. ಒಬ್ಬರ ತಲೆಗೂ ಹೋಗ್ಲಿಲ್ಲ.”

ಆದರೆ ಒಂದು ಕೆಲಸ ಬಾಕಿ ಇತ್ತು. ಪಗಾರ ತೆಗೆದುಕೊಂಡ ಪ್ರತಿಯೊಬ್ಬರೂ ತಮಗೆ ಮುಟ್ಟಿದ್ದನ್ನು ಬರೆದು ಸಹಿ ಮಾಡಿಕೊಡಬೇಕು. ಯಾರು ಕೊಡುವುದಿಲ್ಲವೋ ಅವರ ಹಣ ಅಕ್ಕನ ಹೆಸರಿಗೇ ಉಳಿಯುತ್ತದೆ.

ಹತ್ತು ಮಂದಿ ಮರುದಿನವೇ ಬರೆಸಿಕೊಟ್ಟರು. ಉಳಿದವನು ಗೌಂಡಿ. ಗ್ಯಾಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಪಗಾರ ಅವನದೇ. ಅವನು ಜಗಳ ಮಾಡಿ ಗ್ಯಾಂಗ್ ಬಿಟ್ಟು ಎರಡು ತಿಂಗಳಾಗಿತ್ತು. ಗುತ್ತಿಗೆದಾರ ನೂರಕ್ಕೆ ಒಂದು ರೂಪಾಯಿ ಕಟಿಂಗ್ ಮಾಡುತ್ತಿದ್ದ, ಟ್ಯಾಕ್ಸ್ ಎನ್ನುತ್ತಿದ್ದ. ಅಕ್ಕ ಅದನ್ನೇ ಗ್ಯಾಂಗಿಗೆ ಹೇಳುತ್ತಿದ್ದಳು. ಅದು ಸುಳ್ಳು, ಅಕ್ಕನೇ ತಿನ್ನುತ್ತಾಳೆ ಎಂಬುದು ಗೌಂಡಿಯ ವಾದ.

ಅವನು ಶಹಾಡದಲ್ಲಿ ಒಂದು ಕಾರ್ಖಾನೆಯ ಗೋಡೆ ಕಟ್ಟುತ್ತಿದ್ದ. ನಮ್ಮನ್ನು ಕಂಡವನೇ ಕರಣೆ ಕೆಳಗಿಡದೆ ಕೂಗಿದ.

“ಬಾರವ್ವ ಸಾವ್ಕಾರ್ತಿ! ಸರ್ಕಾರಕ್ಕೂ ಗೊತ್ತಾತಂತಲ್ಲ ನೀ ಲಕ್ಷಾಧಿಪತಿ ಅಂತ! ಈಗ ನನ್ನ ಸಹಿ ಬೇಕೇನು?”

“ಬೇಕಪಾ. ಅದಕ್ಕ ಬಂದೀನಿ.”

“ನಿನ್ನ ಸುಳ್ಳಿಗೆ ನಾ ಯಾಕ ಸಹಿ ಹಾಕ್ಲಿ?”

“ಸುಳ್ಳಿಗೆ ಹಾಕಬ್ಯಾಡ. ನಿನಗ ಎಷ್ಟ ಮುಟ್ಟ್ಯದ ಅಷ್ಟೇ ಬರಸು. ಕಟಿಂಗ್ ಮುಟ್ಟಿಲ್ಲ ಅನ್ನೂದೂ ಬರಸು. ಯಾರ ಮ್ಯಾಲ ಸಂಶೇ ಅದ, ಅದನೂ ಬರಸು.”

ಅವನು ಅವಳ ಮುಖ ನೋಡಿದ. ಗೋಡೆಯಿಂದ ಇಳಿದು ಬಂದು, “ಬರಿ ಹಂಗಿದ್ರ” ಎಂದು ನನಗೆ ಹೇಳಿದ. ಬರೆದೆ. ಕಟಿಂಗ್ ಹಣ ತನಗೆ ಮುಟ್ಟಿಲ್ಲ, ಮುಂದಾಳಿನ ಮೇಲೆ ಸಂಶಯವಿದೆ ಎಂದು ಅವನು ಹೇಳಿದಂತೆಯೇ ಬರೆದೆ. ಸಿಮೆಂಟಿನ ಕೈ ಒರೆಸಿಕೊಂಡು ಸಹಿ ಹಾಕಿದ.

ವಾಪಸು ಬರುವಾಗ ನನಗೆ ಹೆದರಿಕೆ. “ಅಕ್ಕಾ, ಆ ಎರಡು ಸಾಲು ತಗದು ಬ್ಯಾರೆ ಹಾಳಿ ಬರೀತೀನಿ. ನಿನಗ ತೊಂದರಿ ಆದೀತು.”

“ಅಂವಗ ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ ತಮ್ಮಾ. ನಿಂಗ ಓದಾಕ ಬರ್ತದಂತ ಅಂವನ ಮಾತು ನೀ ಅಳಸಬಾರ್ದು.”

ಆ ಮಾತು ಇವತ್ತಿಗೂ ನನ್ನಲ್ಲಿದೆ. ಕಾಗದ ಪತ್ರದ ಕೆಲಸ ಕಲಿತವನು ನಾನು, ಅದನ್ನು ಹೇಗೆ ನಡೆಸಬೇಕೆಂದು ತಿಳಿದವಳು ಅವಳು.

ಡೊಂಬಿವಲಿಯ ಹಿರಿಯರು ಹನ್ನೊಂದೂ ಕಾಗದ ಓದಿದರು. ಗೌಂಡಿಯದಕ್ಕೆ ಬಂದಾಗ ನಿಂತರು. “ಕಟಿಂಗಾ? ತಡೀರಿ” ಎಂದು ಕಂಪ್ಯೂಟರಿನಲ್ಲಿ ಹುಡುಕಿದರು.

“ಇಲ್ಲುಂಟು ನೋಡಿ. ಗುತ್ತಿಗೆದಾರ ತಿನ್ಲಿಲ್ಲ, ನೀವೂ ತಿನ್ಲಿಲ್ಲ. ಪೂರಾ ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಿದ್ದಾನೆ. ನಿಮ್ಮ ತೆರಿಗೆ ಸೊನ್ನೆ ಅಲ್ವಾ, ಇದಿಷ್ಟೂ ವಾಪಸ್ ಬರ್ತದೆ.”

ಅಕ್ಕ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು. ಕಣ್ಣು ಒರೆಸಿಕೊಂಡದ್ದು ಲಕ್ಷಗಳ ನೋಟಿಸು ತಪ್ಪಿತೆಂದೋ, ಕಳ್ಳಿ ಎನಿಸಿಕೊಂಡದ್ದು ತಪ್ಪಿತೆಂದೋ ನಾನು ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ನೋಟಿಸು ಮುಗಿಯಿತು, ಹಣ ಖಾತೆಗೆ ಬಂತು. ಅದು ಅವಳ ಹೆಸರಿಗೆ ಬಂದದ್ದು, ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಅವಳು ಹತ್ತು ಮಂದಿಯ ಪಾಲು ಅವರವರ ಕೈಗಿಟ್ಟಳು. ಹಿರಿಯರಿಗೆ ಹೇಳಿ ಬರಲೆಂದು ಹೋದಾಗ ಅವರ ಆಫೀಸಿನಿಂದಲೇ ಗೌಂಡಿಗೆ ಫೋನ್ ಹಚ್ಚಿಸಿ ಸ್ಪೀಕರ್ ಹಾಕಿಸಿದಳು.

“ನಿನ್ನ ಕಟಿಂಗ್ ಸಿಕ್ಕದ. ಬಂದ್ ಒಯ್ಯಿ.”

ಆ ಕಡೆ ಕರಣೆ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, “ಬಡ್ಡಿ ಎಲ್ಲೈತಿ?”

ಅಕ್ಕ ಹಿರಿಯರ ಕಡೆ ನೋಡಿದಳು. “ಉಂಟು ಅಮ್ಮ, ಸ್ವಲ್ಪ ಉಂಟು” ಎಂದು ಅವರು ನಗು ತಡೆದುಕೊಂಡು ಹೇಳಿದರು.

“ಅದೂ ಅದಂತ. ಮತ್ತೇನು?”

“ಅಕ್ಕಾ, ಸೋಮವಾರ ಕೆಲಸ ಎಲ್ಲಿ ಐತಿ?”

“ವಾಶಿಯಾಗ. ನಿನ್ನ ಸ್ವಂತ ಬ್ಯಾಂಕ್ ಪಾಸ್‌ಬುಕ್ ತಗೊಂಡು ಬಾ. ಅದಿಲ್ದೆ ಬಂದ್ರ ಒಳಗ ಬಿಡಾಂಗಿಲ್ಲ” ಎಂದಳು ಅಕ್ಕ.