ಎತ್ತು ತಿರುಗದ ಎಣ್ಣೆ

ಮಾದನಹಿಪ್ಪರಗಾದಲ್ಲಿ ನಾನು ಮಾಸ್ತರನಾಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಗಾಣಿಗನಿದ್ದ. ತಲೆ ತಿರುಗಬಾರದೆಂದು ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ, ಗಾಣದ ಹಲಗೆಯ ಮೇಲೆ ಕುಳಿತು ತಾನೂ ಅದರೊಂದಿಗೆ ಸುತ್ತುತ್ತ ಕುಸುಬಿ ಎಣ್ಣೆ ತೆಗೆಯುತ್ತಿದ್ದ. ಆಳಂದದಲ್ಲಿ ಸಾಹುಕಾರನೊಬ್ಬ ಇಂಜಿನ್ನಿನ ಎಣ್ಣೆ ಗಿರಣಿ ಹಾಕಿದ ಮೇಲೆ ಇವನ ಬಾಯಲ್ಲಿ ಒಂದೇ ಮಾತು: "ಎತ್ತು ತಿರುಗಲಾರದ ಎಣ್ಣೀಗಿ ರುಚಿ ಎಲ್ಲಿಂದ ಬರಬೇಕ್ರಿ?"

ಆಳಂದದಿಂದ ಬಂದವರನ್ನೆಲ್ಲ ತಡೆದು ಗಿರಣಿಯ ಸುದ್ದಿ ಕೇಳುತ್ತಿದ್ದ. ಇಂಜಿನ್ ಕೆಟ್ಟು ನಿಂತಿದೆ ಎಂದವರಿಗೆ ಬೊಗಸೆ ತುಂಬ ಶೇಂಗಾ ಸಿಗುತ್ತಿತ್ತು. ರಿಪೇರಿಯಾಯಿತು ಎಂದರೆ ಅವತ್ತು ಎತ್ತಿಗೆ ಬೈಗುಳ. ನಿಜಾಮರ ರಾಜ್ಯ ಮುಗಿಯಿತೆಂದು ಊರೆಲ್ಲ ಚಾವಡಿಯ ಮುಂದೆ ಸೇರಿದ ದಿನವೂ ಅವನು ನನ್ನ ಕಿವಿಯಲ್ಲಿ ಕೇಳಿದ್ದು ಇಷ್ಟೇ: "ಹಂಗಾದ್ರ ಆ ಗಿರಣೀನೂ ಬಂದ್ ಆಗ್ತದೇನ್ರಿ ಮಾಸ್ತರ?"

ಒಮ್ಮೆ ನಾನೇ ಆಳಂದದಿಂದ ಗಿರಣಿ ಎಣ್ಣೆಯ ಬಾಟ್ಲಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದೆ. ಗಾಣದ ಮುಂದೆ ಹಾಯುವಾಗಲೇ ಅವನ ಮೂಗಿಗೆ ಗೊತ್ತಾಗಿಬಿಟ್ಟಿತು.

"ತರ್ರಿ ಇಲ್ಲಿ, ನೋಡೂಣು," ಎಂದ.

ಅಂಗೈಗೆ ಸುರುವಿಕೊಂಡು, ಬಿಸಿಲಿಗೆ ಹಿಡಿದು, ಬೆರಳದ್ದಿ ನೆಕ್ಕಿದ. "ಸಪ್ಪಗ ಅದ ಬಿಡ್ರಿ," ಎಂದ. ಮತ್ತೊಮ್ಮೆ ಬೆರಳದ್ದಿ ನೆಕ್ಕಿದ. ಮೂರನೆಯ ಸಲ ಇಡೀ ಅಂಗೈಯನ್ನೇ ನೆಕ್ಕಿದ.

ಅಲ್ಲೇ ಪಕ್ಕದಲ್ಲಿ, ಕಣ್ಣಬಟ್ಟೆ ಬಿಚ್ಚಿಸಿಕೊಂಡ ಎತ್ತು ಮೇವು ತಿನ್ನುತ್ತಿತ್ತು. ಅದು ತಲೆಯೆತ್ತಿ ನಮ್ಮತ್ತ ನೋಡಿತು. ಅವನು ಗಡಬಡಿಸಿ ಎದ್ದು ಹೋಗಿ, ಮೇವು ಮುಗಿಯುವ ಮೊದಲೇ ಅದರ ಕಣ್ಣಿಗೆ ಬಟ್ಟೆ ಬಿಗಿದ.

"ನೀ ಇದನ್ನ ನೋಡಬ್ಯಾಡಪಾ," ಎಂದ.